ಹದಡಿ ಪೈಕಿ

"ಸ್ಕ್ಯಾನರ್ ಇಲ್ವಾ ಅಕ್ಕಾ? ಹಂಗಾದ್ರೆ ಬ್ಯಾಡ ಬಿಡ್ರಿ."

ದಿನಕ್ಕೆ ಹತ್ತು ಸಲವಾದರೂ ಈ ಮಾತು ದ್ಯಾಮವ್ವನ ಕಿವಿಗೆ ಬೀಳುತ್ತಿತ್ತು. ಕಟ್ಟಿದ ರೊಟ್ಟಿಯ ಪೊಟ್ಟಣ ಬಿಚ್ಚಿ ಮತ್ತೆ ಬುಟ್ಟಿಗೆ ಇಡುವುದು ಅವಳಿಗೆ ರೂಢಿಯಾಗಿಹೋಗಿತ್ತು. ದಾವಣಗೆರೆಯ ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ, ಕಾಳಿನ ವ್ಯಾಪಾರಿ ಕಲ್ಲೇಶಪ್ಪನವರ ಗೋದಾಮಿಗೆ ಅಂಟಿಕೊಂಡಿದ್ದ ಎಂಟಡಿ ಅಗಲದ ಮಳಿಗೆ ಅವಳದು. ಎರಡು ಹಂಚು, ಜೋಳದ ಹಿಟ್ಟಿನ ಡಬ್ಬ, ಶೇಂಗಾ ಚಟ್ನಿಯ ಭರಣಿ. ಆರು ವರ್ಷದಿಂದ ಆ ಗಲ್ಲಿಯ ಜನ ಆ ಮಳಿಗೆಯನ್ನು 'ಹದಡಿ ಅಕ್ಕನ ರೊಟ್ಟಿ ಅಂಗಡಿ' ಅನ್ನುತ್ತಿದ್ದರು. ಬೋರ್ಡಿರಲಿಲ್ಲ. ಜನರ ಬಾಯೇ ಬೋರ್ಡು.

ಆ ಹೆಸರು ಹುಟ್ಟಿದ್ದು ಒಂದು ಉತ್ತರದಿಂದ. ಮಳಿಗೆ ಕೇಳಲು ಮೊದಲ ಸಲ ಬಂದಾಗ ಕಲ್ಲೇಶಪ್ಪನವರ ಹೆಂಡತಿ ದ್ರಾಕ್ಷಾಯಣಮ್ಮ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಬೇಳೆ ಆರಿಸುತ್ತಿದ್ದರು. ತಲೆ ಎತ್ತದೆ ಕೇಳಿದರು: "ನೀನು ಯಾರ ಪೈಕಿ ಆದ್ಯವ್ವಾ?"

ಈ ಸೀಮೆಯಲ್ಲಿ ಮರ್ಯಾದಸ್ತರು ಜಾತಿ ಕೇಳುವುದಿಲ್ಲ. ಜಾತಿ ಕೇಳುವುದು ಒರಟುತನ. ಪೈಕಿ ಕೇಳುತ್ತಾರೆ. ಅದೇ ಕತ್ತಿ, ಬಟ್ಟೆಯಲ್ಲಿ ಸುತ್ತಿರುತ್ತದೆ, ಅಷ್ಟೇ.

"ಹದಡಿ ಪೈಕಿ ರೀ ಅಮ್ಮಾರೆ," ಅಂದಳು ದ್ಯಾಮವ್ವ. ಅವಳು ಹೇಳಿದ್ದು ಊರಿನ ಹೆಸರು. ಹುಟ್ಟಿದ್ದು ಹದಡಿಯಲ್ಲಿ, ಅದು ಸುಳ್ಳಲ್ಲ. ಆದರೆ ದಾವಣಗೆರೆಯ ಪೇಟೆಯಲ್ಲಿ ಅರ್ಧಕ್ಕರ್ಧ ವ್ಯಾಪಾರಸ್ಥರ ಮನೆತನಗಳಿಗೆ ಅವರು ಬಿಟ್ಟುಬಂದ ಊರೇ ಅಡ್ಡಹೆಸರು. ಮಾಯಕೊಂಡದವರು, ಹದಡಿಯವರು. ದ್ರಾಕ್ಷಾಯಣಮ್ಮನ ಕಿವಿಗೆ ಬಿದ್ದದ್ದು ಊರಲ್ಲ, ಮನೆತನ.

"ಓ! ಹದಡಿಯವರ ಪೈಕಿನಾ? ಮೊದ್ಲೇ ಹೇಳಬಾರ್ದಾ? ಬಡತನ ಬಂದ್ರೇನಾತು, ಮನೆತನ ಎಲ್ಲೋಗ್ತೈತಿ." ಅಂಥ ಮನೆತನದವಳಿಗೆ ಊರದೇವತೆಯ ಹೆಸರು ದ್ಯಾಮವ್ವ ಯಾಕೆ ಎಂಬುದಕ್ಕೂ ಅವರೇ ಸಮಾಧಾನ ಹುಡುಕಿಕೊಂಡರು. "ಹರಕಿ ಹೊತ್ತು ಹಡೆದಿರ್ಬೇಕು ನಿಮ್ಮವ್ವ."

ದ್ಯಾಮವ್ವ ತಿದ್ದಲಿಲ್ಲ. ಆ ಹೊತ್ತಿಗೆ ಅವಳು ನಾಲ್ಕು ಕಡೆ ಮಳಿಗೆ ಕೇಳಿ, ನಾಲ್ಕೂ ಕಡೆ "ನಿನ್ನೆನೇ ಬ್ಯಾರೇರಿಗೆ ಕೊಟ್ಟಾತು" ಅನ್ನಿಸಿಕೊಂಡು ಬಂದಿದ್ದಳು. ತಿದ್ದಲಿಲ್ಲ ಮಾತ್ರವಲ್ಲ, ಆಮೇಲೆ ಆ ತಪ್ಪಿನ ಮೇಲೆ ಹಾಯಾಗಿ ಕಾಲು ಚಾಚಿಕೊಂಡು ಕುಳಿತಳು. ಹಬ್ಬಕ್ಕೆ ದ್ರಾಕ್ಷಾಯಣಮ್ಮ ಒಳಗೆ ಕರೆದು ಅಡುಗೆಮನೆಯಲ್ಲೇ ತಟ್ಟೆ ಹಾಕಿ ಹೋಳಿಗೆ ಬಡಿಸಿದಾಗ ಉಂಡಳು. ಉಂಡು ಬಂದ ರಾತ್ರಿ ನಿದ್ದೆ ಬರಲಿಲ್ಲ. ಮರುವರ್ಷ ಕರೆದಾಗಲೂ ಹೋದಳು.

ಇಂಥ ಅಂಗಡಿಗೆ ಈಗ ಸ್ಕ್ಯಾನರ್ ಬೇಕಾಗಿತ್ತು. ಬೇಕೆಂದವಳು ಪುಷ್ಪಲತಾ. ವಿದ್ಯಾನಗರದಲ್ಲಿ ಕಾಲೇಜು ಹುಡುಗಿಯರ ಪಿಜಿ ನಡೆಸುವ ಹೆಂಗಸು. ದಿನಕ್ಕೆ ನೂರೈವತ್ತು ರೊಟ್ಟಿ, ತಿಂಗಳ ದುಡ್ಡು ಮುಂಗಡ. "ನಂಗೆ ಕೈಯಾಗ ಎಣಿಸಿ ಕೊಡೋ ತಂಟೆ ಬ್ಯಾಡ. ಫೋನಿಗೇ ಹಾಕ್ತೀನಿ. ಸೋಮವಾರದೊಳಗೆ ಸ್ಕ್ಯಾನರ್ ಇಡ್ಸು ಅಕ್ಕಾ. ಇಲ್ಲಾಂದ್ರೆ ಬ್ಯಾರೇರು ಕಾದು ಕುಂತವ್ರೆ." ಚಿಲ್ಲರೆ ಗಿರಾಕಿಗಳು ದಿನದಿನಕ್ಕೆ ಕಮ್ಮಿಯಾಗುತ್ತಿದ್ದರು. ಈ ಒಂದು ಆರ್ಡರು ಬಂದರೆ ಅಂಗಡಿ ಉಳಿಯುತ್ತದೆ. ಇಲ್ಲದಿದ್ದರೆ ಯುಗಾದಿಯ ಹೊತ್ತಿಗೆ ಹಂಚು ಮಗುಚಿ ಇಡಬೇಕು. ದ್ಯಾಮವ್ವನಿಗೆ ಇದು ಸ್ಪಷ್ಟವಾಗಿತ್ತು.

ಗುರುವಾರ ಬೈಕಿನ ಮೇಲೆ ಅಂಜನಕುಮಾರ ಬಂದ. ಹೆಗಲ ಚೀಲದಲ್ಲಿ ಸ್ಕ್ಯಾನ್ ಮಾಡುವ ಮೂರು ಬಣ್ಣದ ಫಲಕ, ದುಡ್ಡು ಬಿದ್ದ ಕೂಡಲೇ ಕೂಗಿ ಹೇಳುವ ಮಾತಾಡುವ ಡಬ್ಬಿಗಳು. ಮೂರು ಕಂಪನಿಯದೂ ಅವನೇ ಹಾಕಿಕೊಡುತ್ತಾನೆ. ಯಾವುದು ಹಾಕಿಸಿದರೂ ಅವನಿಗೆ ಕಮಿಷನ್.

"ನೋಡಕ್ಕಾ, ಇದು ಒಂದನೇದು. ಡಬ್ಬಿಗೆ ತಿಂಗಳಿಗೆ ಬಾಡಿಗಿ ಐತೆ, ಆದ್ರೆ ಕನ್ನಡ ಚಲೋ ಮಾತಾಡ್ತೈತೆ. ಇದು ಎರಡನೇದು. ಮೂರು ತಿಂಗಳು ಡಬ್ಬಿ ಪುಕ್ಕಟೆ, ಆಮ್ಯಾಲೆ ಸಾಲ ತಗೋ ಸಾಲ ತಗೋ ಅಂತ ದಿನಾ ಫೋನ್ ಮಾಡಿ ಪ್ರಾಣ ತಿಂತಾರೆ. ಮೂರನೇದು ದೊಡ್ಡೋರಿಗೆ, ಕಾಗದ ಪತ್ರ ಜಾಸ್ತಿ."

"ಬಾಡಿಗಿದು ಹಾಕಪ್ಪಾ. ಸಾಲದೋರ ಫೋನು ನಂಗೆ ಬ್ಯಾಡ."

ಅವನು ಅವಳ ಫೋನಿನಲ್ಲಿ ಏನೇನೋ ಒತ್ತಿದ. ಬ್ಯಾಂಕಿನಿಂದ ಸಂದೇಶ ಬಂತು, ಅಂಕಿ ಹೇಳಿದಳು. ಫಲಕವನ್ನು ಚಟ್ನಿ ಭರಣಿಗೆ ಒರಗಿಸಿ ತನ್ನ ಫೋನು ಹಿಡಿದು, "ಚೆಕ್ ಮಾಡ್ಬಿಡ್ತೀನಿ," ಎಂದು, ಪರದೆಯ ಮೇಲೆ ಮೂಡಿದ ಇಂಗ್ಲಿಷ್ ಅಕ್ಷರಗಳನ್ನು ಎಲ್ಲರಿಗೂ ಕೇಳುವ ಹಾಗೆ ದೊಡ್ಡದಾಗಿ ಓದಿದ:

"ದ್ಯಾಮವ್ವ ಹರಿಜನ. ಬರೋಬ್ಬರಿ ಐತಾ ಅಕ್ಕಾ ಹೆಸ್ರು?"

ದ್ಯಾಮವ್ವನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಅಡ್ಡಾದಿಡ್ಡಿ ಬಿತ್ತು. ಗಲ್ಲಿಯಲ್ಲಿ ಯಾರಿದ್ದಾರೆ ಎಂದು ನೋಡಿದಳು. ಪಕ್ಕದ ಒಣಮೆಣಸಿನಕಾಯಿ ಅಂಗಡಿಯ ಫಕ್ರುನ್ನೀಸಾ ಒಬ್ಬಳು, ತಕ್ಕಡಿ ಹಿಡಿದವಳು ಹಾಗೇ ನಿಂತಿದ್ದಳು.

"ಮೆಲ್ಲಕ ಓದಪ್ಪಾ," ಅಂದಳು ದ್ಯಾಮವ್ವ. "ಅದನ್ನ ಯಾರು ಬರ್ದಿದ್ದು?"

"ನಾ ಬರೀಲಿಲ್ಲ, ಬ್ಯಾಂಕಿನಾಗೆ ಇರೋದು ಬಂತು."

ಬ್ಯಾಂಕಿಗೆ ಅದು ಆಧಾರ್ ಕಾರ್ಡಿನಿಂದ ಬಂದಿತ್ತು. ಆಧಾರ್‌ಗೆ ರೇಷನ್ ಕಾರ್ಡಿನಿಂದ, ರೇಷನ್ ಕಾರ್ಡಿಗೆ ಶಾಲೆಯ ಟೀಸಿಯಿಂದ. ಹದಡಿ ಶಾಲೆಯ ಒಂದನೇ ತರಗತಿಯಲ್ಲಿ ಮೂವರು ದ್ಯಾಮವ್ವರಿದ್ದರು. ಗುರುತಿಗೆ ಮೇಷ್ಟ್ರು ಒಬ್ಬಳ ಮುಂದೆ ಗೌಡ್ರು ಅಂತ, ಇನ್ನೊಬ್ಬಳ ಮುಂದೆ ಕುಂಬಾರ ಅಂತ ಬರೆದು, ಇವಳ ಮುಂದೆ ಆ ನಾಲ್ಕಕ್ಷರ ಗೀಚಿ ಸೀಮೆಸುಣ್ಣದ ಕೈ ಒರೆಸಿಕೊಂಡಿದ್ದರು. ಆ ಪದ ಬಳಸಬೇಡಿರೆಂದು ಸರ್ಕಾರವೇ ಹೇಳಿದೆಯೆಂದು ಮಗಳು ಸುಷ್ಮಾ ಎಷ್ಟೋ ಸಲ ಸಿಟ್ಟಿನಿಂದ ಹೇಳಿದ್ದಳು. ಸರ್ಕಾರ ಹೇಳಿದ್ದು ಟೀಸಿಗೆ ಕೇಳಿಸಿರಲಿಲ್ಲ.

"ಎರಡನೇ ಕಂಪನಿದು ಹಾಕಿದ್ರೆ?"

"ಅದ್ರಾಗೂ ಇದೇ ಹೆಸ್ರು. ಗಿರಾಕಿ ಸ್ಕ್ಯಾನ್ ಮಾಡಿದ ಕೂಡ್ಲೇ ಅವನ ಫೋನಿನಾಗೆ ಬರ್ತೈತೆ. ಮೋಸ ಆಗ್ಬಾರ್ದಲ್ಲಾ, ಅದಕ್ಕೆ." ಅಂಜನಕುಮಾರ ಈಗ ಮೆಲ್ಲಗೇ ಮಾತಾಡುತ್ತಿದ್ದ. "ಮೂರನೇದ್ರಾಗೆ ಅಂಗಡಿ ಹೆಸ್ರು ಹಾಕ್ಬೋದು. 'ಹದಡಿ ಅಕ್ಕನ ರೊಟ್ಟಿ' ಅಂತ ಬರ್ತೈತೆ, ಮಸ್ತಾಗಿ. ಆದ್ರೆ ಅದಕ್ಕೆ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಬಾಡಿಗಿ ಕರಾರು ಬೇಕು. ಕರಾರಿಗೆ ಮಳಿಗಿ ಮಾಲೀಕರು ಸೈನ್ ಹಾಕ್ಬೇಕು, ನಿನ್ನ ಆಧಾರ್ ಜೆರಾಕ್ಸ್ ಅಂಟಿಸ್ಬೇಕು."

ದ್ಯಾಮವ್ವ ಲೆಕ್ಕ ಹಾಕಿದಳು. ಒಂದನೆಯದು, ಎರಡನೆಯದು ಹಾಕಿಸಿದರೆ ಗಿರಾಕಿಗೆ ಗೊತ್ತಾಗುತ್ತದೆ. ಮೂರನೆಯದು ಹಾಕಿಸಿದರೆ ಗಿರಾಕಿಗೆ ಗೊತ್ತಾಗುವುದಿಲ್ಲ, ಕಲ್ಲೇಶಪ್ಪನವರಿಗೆ ಗೊತ್ತಾಗುತ್ತದೆ. ಮೂರು ಬಣ್ಣದ ಫಲಕಗಳು ಮೂರು ನಮೂನೆಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದವು. ಯಾರ ಪೈಕಿ? ಯಾರ ಪೈಕಿ?

"ನಿಂದು ಫೋನಿನಾಗೆ ಹೆಂಗೆ ಬರ್ತೈತಪ್ಪಾ?"

"ಅಂಜನಕುಮಾರ ಬಿ."

"ಬಿ ಅಂದ್ರೆ?"

ಅವನು ಹಲ್ಲು ಬಿಟ್ಟ. "ಬಿ ಅಂದ್ರೆ ಬಿ ಅಕ್ಕಾ. ನಮ್ಮಪ್ಪ ಶಾಣ್ಯಾ. ಯಾರಾರ ಒತ್ತಿ ಕೇಳಿದ್ರೆ ಬಾತಿ ಅಂತೀನಿ. ನಮ್ಮೂರು ಬಾತಿ." ಮತ್ತೆ, "ನಿಂದು ಹದಡಿ, ನಂದು ಬಾತಿ," ಅಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇಬ್ಬರಿಗೂ ಅರ್ಥವಾಯಿತು. ದ್ಯಾಮವ್ವ ಒಂದು ಬಿಸಿ ರೊಟ್ಟಿಗೆ ಚಟ್ನಿ ಸವರಿ ಅವನ ಕೈಗಿಟ್ಟಳು.

"ಸೋಮವಾರ ಬೆಳಿಗ್ಗೆತನ ಇದನ್ನ ಬಂದ್ ಇಡಪ್ಪಾ. ಬ್ಯಾಂಕಿಗೆ ಹೋಗಿ ಹೆಸ್ರು ತೆಗೆಸ್ಕೊಂಡು ಬರ್ತೀನಿ."

ಅವನು ಹೋದ ಮೇಲೆ ಫಕ್ರುನ್ನೀಸಾ ತಕ್ಕಡಿ ಕೆಳಗಿಟ್ಟಳು. "ಇಷ್ಟೇನಾ ದ್ಯಾಮಕ್ಕಾ? ಆರು ವರ್ಷ ಹೊಟ್ಟ್ಯಾಗ ಇಟ್ಕಂಡಿದ್ದು ಇಷ್ಟೇನಾ?"

"ನಿಂಗೆ ಇಷ್ಟೇ ಕಾಣ್ತೈತೆ."

"ನಂಗ್ಯಾಕ ಕಾಣಲ್ಲ? ನನ್ನ ಹೆಸ್ರು ಬೋರ್ಡಿನ ಮ್ಯಾಲೆ ಮಾರುದ್ದ ಐತೆ. ಬರೋರು ಬರ್ತಾರೆ, ಬರದೋರು ಆ ಕಡಿ ಮಗ್ಗುಲಿಂದ ಹೋಗ್ತಾರೆ. ನೀ ಆರು ವರ್ಷನಾದ್ರೂ ಮುಚ್ಕಂಡು ಕುಂತಿ. ನಂಗೆ ಅಷ್ಟೂ ನಸೀಬಿಲ್ಲ, ಹೆಸ್ರು ಬಾಯಿಬಿಟ್ರೆ ಮುಗೀತು." ನಗುತ್ತಲೇ ಹೇಳಿದಳು. ಆದರೆ ಆ ನಗೆಯಲ್ಲಿ ಖಾರವಿತ್ತು. ದ್ಯಾಮವ್ವನ ಕಣ್ಣಿಗೆ ಅದು ಬಡಿಯಿತು.

ಶುಕ್ರವಾರ ಅಂಗಡಿ ಮುಚ್ಚಿ ಹರಿಹರದ ಬಸ್ಸು ಹತ್ತಿದಳು. ಅವಳ ಖಾತೆ ಇದ್ದದ್ದು ಅಲ್ಲಿ. ಗಂಡ ಬಂಗಾರಪ್ಪ ಬದುಕಿದ್ದಾಗ ಹರಿಹರದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೂಲಿ. ಅವನು ತೀರಿಕೊಂಡ ಮೇಲೆ ಊರು ಬಿಟ್ಟಳು, ಖಾತೆ ಉಳಿಯಿತು. ಬಸ್ಸಿನಲ್ಲಿ ಸುಷ್ಮಾಗೆ ಫೋನು ಮಾಡಿ, ನಿನ್ನ ಖಾತೆಗೆ ಹಾಕಿಸಿದರೆ ಹೇಗೆಂದು ಕೇಳಿದಳು. ಮಗಳು ನರ್ಸಿಂಗ್ ಓದುತ್ತಿದ್ದಳು, ಹೆಸರಿನ ಮುಂದೆ ಬರೀ ಬಿ.

"ಬ್ಯಾಡಮ್ಮಾ. ನನ್ನ ಅಕೌಂಟಿಗೆ ವ್ಯಾಪಾರದ ದುಡ್ಡು ಬಂದ್ರೆ ಸ್ಕಾಲರ್‌ಶಿಪ್ಪಿಗೆ ಕಲ್ಲು ಬೀಳ್ತೈತೆ." ಆಮೇಲೆ ಸುಷ್ಮಾ ಅಂದಳು: "ಸ್ಕಾಲರ್‌ಶಿಪ್ ಬರೋದೂ ಅದೇ ಜಾತಿ ಕಾಗದದ ಮ್ಯಾಲೆ ಅಲ್ವಾ? ಅಲ್ಲಿ ತೋರ್ಸಿ ಇಲ್ಲಿ ಮುಚ್ಚಿ, ನಂಗಂತೂ ಸಾಕಾಗೈತಮ್ಮಾ."

ಬ್ಯಾಂಕಿನಲ್ಲಿ ಗಾಜಿನ ಆಚೆಯ ಅಧಿಕಾರಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದ: "ಆಧಾರ್‌ನಲ್ಲಿ ಏನಿದೆಯೋ ಅದೇ ಇಲ್ಲಿ. ಮೊದಲು ಅದನ್ನ ಬದಲಾಯಿಸಿ. ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ. ಎಲ್ಲಾ ಆಗೋಕೆ ಎರಡು ತಿಂಗಳು."

"ಸೋಮವಾರಕ್ಕೆ ಬೇಕಿತ್ತು ಸಾರ್."

"ಸೋಮವಾರಕ್ಕೆ ಹೆಸರು ಹುಟ್ಟಲ್ಲಮ್ಮ."

ಆದರೂ ಅವಳು ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಗೆ ಹೋದಳು. ಎರಡು ತಿಂಗಳಾಗುವುದಾದರೆ ಎರಡು ತಿಂಗಳು. ಪುಷ್ಪಲತಾಗೆ ಏನಾದರೂ ನೆವ ಹೇಳಿದರಾಯಿತು. ಅಂಗಡಿಯ ರುದ್ರಮುನಿ ವಯಸ್ಸಾದವನು, ಮೂಗಿನ ತುದಿಗೆ ಕನ್ನಡಕ, ಬಾಯಲ್ಲಿ ಎಲೆಯಡಿಕೆ. ನಮೂನೆ ಅವನಿಗೆ ಬಾಯಿಪಾಠ. ಟಪಟಪನೆ ಬಡಿಯುತ್ತ ಒಂದು ಕಡೆ ನಿಂತ.

"ಇದನ್ನ ತೆಗೆದು ಏನ್ ಹಾಕ್ಲವ್ವಾ? ಹದಡಿ ಅಂತ ಹಾಕ್ಲಾ? ಊರ ಹೆಸ್ರು, ಯಾರೂ ಏನೂ ಕೇಳಂಗಿಲ್ಲ."

ಹದಡಿ. ಅವಳ ಊರೇ. ಆದರೆ ಅವಳ ಮನೆ ಇದ್ದದ್ದು ಊರಿನಿಂದ ಆಚೆ, ಹಳ್ಳ ದಾಟಿದ ಮೇಲೆ. ಊರೊಳಗಿನವರು ಪೇಟೆಗೆ ಹೋದರೆ ಊರಿನ ಹೆಸರು ಹೊತ್ತುಕೊಂಡು ಹೋದರು, ಹದಡಿಯವರಾದರು. ಕೇರಿಯವರು ಹೋದಾಗ ಊರು ಅವರಿಗೆ ತನ್ನ ಹೆಸರು ಕೊಡಲಿಲ್ಲ. ಬೇರೊಂದನ್ನು ಕೊಟ್ಟು ಕಳಿಸಿತು. ಊರು ಕೊಡದ ಆ ಹದಡಿ ಹೆಸರನ್ನು ಅವಳು ಆರು ವರ್ಷ ಕದ್ದು ಉಟ್ಟಿದ್ದಳು. ಈಗ ಛಾಪಾ ಕಾಗದದ ಮೇಲೆ ರಿಜಿಸ್ಟರ್ ಮಾಡಿಸಿಕೊಳ್ಳಬಹುದಿತ್ತು.

"ಹಾಕ್ರಿ," ಅಂದಳು.

ರುದ್ರಮುನಿ ಬಡಿದ. ಮತ್ತೆ ನಿಂತ. "ಹೆಸ್ರು ಬದಲಾವಣೆಗೆ ಕಾರಣ?"

"ಕಾರಣ ಯಾಕ್ರಿ?"

"ನಮೂನಿಯಾಗ ಐತವ್ವಾ. ಕಾರಣ ಬರೀಬೇಕು. ಎಲ್ಲಾರೂ ಸಂಖ್ಯಾಶಾಸ್ತ್ರ ಅಂತ ಹಾಕಿಸ್ತಾರೆ. ಅದನ್ನೇ ಹಾಕ್ಲಾ?"

ದ್ಯಾಮವ್ವನಿಗೆ ನಗು ಬಂತು. ನಕ್ಕಳು ಕೂಡ. ನಗು ಅರ್ಧಕ್ಕೇ ನಿಂತಿತು. ಆ ಪದ ಬರೆದವರನ್ನು ಯಾರೂ ಕಾರಣ ಕೇಳಿರಲಿಲ್ಲ. ಮೇಷ್ಟ್ರನ್ನು ಕೇಳಿರಲಿಲ್ಲ, ರೇಷನ್ ಕಾರ್ಡಿನವನನ್ನು ಕೇಳಿರಲಿಲ್ಲ. ಅವರು ಬರೆಯುತ್ತ ಹೋದರು, ಯಾವ ಛಾಪಾ ಕಾಗದವೂ ಬೇಕಾಗಲಿಲ್ಲ. ಅಳಿಸುವವಳು ಮಾತ್ರ ಪ್ರಮಾಣ ಮಾಡಬೇಕು, ಪತ್ರಿಕೆಯಲ್ಲಿ ಸಾರಬೇಕು, ಕಾರಣ ಕೊಡಬೇಕು. ಅದೂ ಸುಳ್ಳು ಕಾರಣ.

"ಬರ್ದೋರು ಅವರು. ಕಾರಣ ನಾನ್ಯಾಕ ಹೇಳ್ಲಿ ರೀ?"

"ನಂಗೇನು ಗೊತ್ತವ್ವಾ? ನಾನು ಟೈಪ್ ಮಾಡೋನು."

"ಹಾಳಿ ತೆಗೀರಿ. ಬ್ಯಾಡ."

"ಅರ್ಧ ಆಗೈತಲ್ಲವ್ವಾ, ದುಡ್ಡು?"

ಕೊಟ್ಟಳು. ಅರ್ಧ ಟೈಪಾದ ಹಾಳೆಯನ್ನು ಮಡಿಚಿ ಕುಬುಸದೊಳಗೆ ಇಟ್ಟುಕೊಂಡಳು. ವಾಪಸು ಬರುವಾಗ ಬಸ್ಸು ಬಾತಿಯಲ್ಲಿ ನಿಂತಿತು. ಕಿಟಕಿಯಿಂದ ಆ ಊರನ್ನು ನೋಡುತ್ತ, ಒಂದಕ್ಷರದ ಹಿಂದೆ ಅಡಗಿ ಕುಳಿತ ಅಂಜನಕುಮಾರನನ್ನೂ, ಅಡಗುಮರೆಯೇ ಇಲ್ಲದ ಫಕ್ರುನ್ನೀಸಾಳನ್ನೂ ನೆನೆದಳು. ಹೆದರಿಕೆ ಹೋಗಿರಲಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಏನೋ ಬಂದು ಕುಳಿತಿತ್ತು.

ಭಾನುವಾರ ಸುಷ್ಮಾ ಬಂದಳು. ಅಮ್ಮನ ಫೋನಿನಿಂದಲೂ ದುಡ್ಡು ಕಳಿಸುವುದು ಹೇಗೆಂದು ಕಲಿಸಿದಳು. "ಪಿನ್ ಯಾರಿಗೂ ಹೇಳ್ಬ್ಯಾಡ, ನಂಗೂ."

ಸೋಮವಾರ ಬೆಳಿಗ್ಗೆ ದ್ಯಾಮವ್ವ ಒಂದನೇ ಕಂಪನಿಯ ಫಲಕವನ್ನು ಒರೆಸಿ, ಕುಂಕುಮ ಹಚ್ಚಿ, ಗಿರಾಕಿಗೆ ಎದುರಾಗಿ ಇಟ್ಟಳು. ಡಬ್ಬಿಯ ಗುಂಡಿ ಒತ್ತಿದಳು. ಅದು ಹೆಣ್ಣು ದನಿಯಲ್ಲಿ ಏನೋ ಸ್ವಾಗತ ಹೇಳಿತು. ಪುಷ್ಪಲತಾಳ ಫೋನಿಗೂ ಫಲಕದ ಫೋಟೋ ಹೋಯಿತು. ಮಧ್ಯಾಹ್ನದೊಳಗೆ ಮುಂಗಡ ಹಾಕುತ್ತೇನೆಂದು ಅವಳು ಉತ್ತರ ಕಳಿಸಿದಳು.

ಗೋದಾಮಿನ ಬಾಗಿಲು ತೆಗೆಸಿ ಕಲ್ಲೇಶಪ್ಪನವರು ಬಂದರು. ಹಣೆಯ ತುಂಬ ವಿಭೂತಿ, ಮುಖದ ತುಂಬ ನಗೆ. "ಏನು ದ್ಯಾಮಕ್ಕಾ, ಕೊನಿಗೂ ಡಬ್ಬಿ ಇಡಿಸ್ದೆ! ಬೋಣಿ ನನ್ನ ಕೈಲೇ ಆಗ್ಲಿ. ನನ್ನ ಕೈಗುಣ ಚಲೋ ಐತೆ, ಕೇಳು ಬೇಕಾದ್ರೆ ಮಂಡಿಯಾಗ. ಹತ್ತು ರೊಟ್ಟಿ ಕಟ್ಟು."

ಹತ್ತು ರೊಟ್ಟಿ ಕಟ್ಟಿದಳು. ದಾರವನ್ನು ಎರಡು ಸುತ್ತು ಜಾಸ್ತಿ ಸುತ್ತಿದಳು. ಕಲ್ಲೇಶಪ್ಪನವರು ಫೋನು ಹಿಡಿದರು. ಪರದೆ ಮಿಂಚಿತು. ಕಣ್ಣು ಕಿರಿದು ಮಾಡಿ, ಫೋನನ್ನು ಸ್ವಲ್ಪ ದೂರ ಹಿಡಿದು ಓದಿದರು. ಅವಳ ಮುಖ ನೋಡಿದರು. ಮತ್ತೆ ಪರದೆ ನೋಡಿದರು. ಆ ನಗೆ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಆರು ವರ್ಷದ ಹೋಳಿಗೆಗಳೆಲ್ಲ ಅವರ ಗಂಟಲಿಗೆ ಒಮ್ಮೆಲೇ ಬಂದ ಹಾಗಿತ್ತು.

ಫೋನನ್ನು ಜೇಬಿಗೆ ಹಾಕಿಕೊಂಡು, "ನೆಟ್ವರ್ಕ್ ಇಲ್ಲ," ಅಂದರು.

"ಐತ್ರಿ ಸಾವ್ಕಾರ್ರೆ. ಡಬ್ಬಿ ದೀಪ ಹತ್ತೈತೆ ನೋಡ್ರಿ."

"ನನ್ನದ್ರಾಗೆ ಇಲ್ಲ." ಪೊಟ್ಟಣದ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ಇರ್ಲಿ ಬಿಡು, ಆಮ್ಯಾಲೆ ಹುಡುಗರ ಕೈಲಿ ತರಿಸ್ತೀನಿ." ಯಾರೂ ಬರಲಿಲ್ಲ. ಕಟ್ಟಿದ ಹತ್ತು ರೊಟ್ಟಿ ಹಲಗೆಯ ಮೇಲೆಯೇ ಆರಿದವು.

ಮಂಡಿಯಲ್ಲಿ ಸುದ್ದಿಗೆ ನೆಟ್ವರ್ಕ್ ಚೆನ್ನಾಗಿಯೇ ಇತ್ತು. ಹತ್ತು ಗಂಟೆಗೆ ದಿನವೂ ಬರುವ ಗುಮಾಸ್ತರು ಬರಲಿಲ್ಲ. ಬಂದ ಒಬ್ಬ ಫೋನು ಹಿಡಿದು, ಓದಿ, "ಯಾಕೋ ನೆಟ್ವರ್ಕ್ ಇಲ್ಲಕ್ಕಾ," ಎಂದು ಬರಿಗೈಯಲ್ಲಿ ನಡೆದ. ಗುರುತಿಲ್ಲದ ಇಬ್ಬರು ಲಾರಿಯವರು ಮಾತ್ರ ಪರದೆಯನ್ನೂ ನೋಡದೆ ದುಡ್ಡು ಹಾಕಿ, ಚಟ್ನಿ ಜಾಸ್ತಿ ಹಾಕಿಸಿಕೊಂಡು ತಿಂದು ಹೋದರು. ಹನ್ನೆರಡಕ್ಕೆ ಗೋದಾಮಿನ ಹಮಾಲಿ ಮಾರುತಿ ಬಂದ. ನೆಲ ನೋಡುತ್ತ ನಿಂತ.

"ಅಮ್ಮಾರು ಹೇಳಿ ಕಳಿಸ್ಯಾರೆ ದ್ಯಾಮಕ್ಕಾ. ಗೋದಾಮು ದೊಡ್ಡದು ಮಾಡ್ತಾರಂತೆ. ಮಳಿಗಿ ಬಿಡ್ಬೇಕಂತೆ."

"ಅಮ್ಮಾರು ಬ್ಯಾರೆ ಏನಂದ್ರು?"

ಮಾರುತಿ ತಲೆ ಕೆರೆದುಕೊಂಡ. "ಅಡುಗೆಮನಿ ತೊಳಿಸ್ತಾ ಇದ್ರು."

ದ್ಯಾಮವ್ವ ಕೂತಲ್ಲೇ ಕೂತಳು. ಹಂಚು ಕಾದು ಹೊಗೆಯಾಡುತ್ತಿತ್ತು, ಆರಿಸುವ ಎಚ್ಚರ ಇರಲಿಲ್ಲ. ಫಕ್ರುನ್ನೀಸಾ ಓಡಿ ಬಂದು ಗ್ಯಾಸ್ ತಿರುವಿದಳು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತಳು. ಇನ್ನು ಉಳಿದಿದ್ದು ಪುಷ್ಪಲತಾ ಒಬ್ಬಳೇ. ಆ ಆರ್ಡರು ಬಂದರೆ ಎಲ್ಲಿಯಾದರೂ, ಮನೆಯಲ್ಲಾದರೂ ರೊಟ್ಟಿ ಬಡಿಯಬಹುದು.

ನಾಲ್ಕು ಗಂಟೆಗೆ ಡಬ್ಬಿ ಮಾತಾಡಿತು.

"ಒಂದು ರೂಪಾಯಿ ಸ್ವೀಕರಿಸಲಾಗಿದೆ."

ಫೋನು ನೋಡಿದರೆ ಪುಷ್ಪಲತಾಳಿಂದಲೇ. "ಎಲ್ಲಾರೂ ಹಂಗೇ ಮಾಡೋದು," ಅಂದಳು ಫಕ್ರುನ್ನೀಸಾ. "ದೊಡ್ಡ ದುಡ್ಡು ಹಾಕೋಕ್ ಮುಂಚೆ ಒಂದು ರೂಪಾಯಿ ಹಾಕಿ ಹೆಸ್ರು ಸರಿ ಐತಾ ನೋಡ್ತಾರೆ. ಈಗ ಬರ್ತೈತೆ ನೋಡು ಪೂರ್ತಿ."

ಇಬ್ಬರೂ ಡಬ್ಬಿಯನ್ನೇ ನೋಡುತ್ತ ಕುಳಿತರು. ನಾಲ್ಕೂವರೆ ಆಯಿತು. ಐದಾಯಿತು. ದ್ಯಾಮವ್ವ ತಾನೇ ಫೋನು ಮಾಡಿದಳು.

"ಹಾಂ ಅಕ್ಕಾ, ನಾನೇ ಮಾಡೋಳಿದ್ದೆ," ಅಂದಳು ಪುಷ್ಪಲತಾ. ದನಿ ಮೆತ್ತಗೆ ಜಾರುತ್ತಿತ್ತು. "ಹುಡುಗೇರು ರೊಟ್ಟಿ ಬ್ಯಾಡ, ಚಪಾತಿ ಬೇಕು ಅಂತಾರೆ. ಅವರ ಮನೆಯೋರು ಬ್ಯಾರೆ ಎಲ್ಲಾ ವಿಚಾರಿಸ್ತಾರೆ, ನಿಂಗೆ ಗೊತ್ತಲ್ಲ. ಮುಂದೆ ನೋಡಾಣ. ಬ್ಯಾಜಾರ್ ಮಾಡ್ಕೋಬ್ಯಾಡ, ಆ ಒಂದು ರೂಪಾಯಿ ಇರ್ಲಿ ನಿಂಗೇ."

ಫೋನು ಕಟ್ಟಾಯಿತು. ಇರಲಿ ನಿನಗೇ. ಅವಳ ಹೆಸರು ಓದಿದ್ದಕ್ಕೆ ಒಂದು ರೂಪಾಯಿ ಬಾಡಿಗೆ.

ದ್ಯಾಮವ್ವ ಫೋನನ್ನು ಹಲಗೆಯ ಮೇಲಿಟ್ಟಳು. ಕುಬುಸದಿಂದ ಹರಿಹರದ ಅರ್ಧ ಹಾಳೆ ತೆಗೆದು, ಹಿಟ್ಟಿನ ಕೈಯಲ್ಲೇ ಹರಿದು ಒಲೆಯ ಬುಡಕ್ಕೆ ಹಾಕಿದಳು. ಆಮೇಲೆ ಮಗಳು ಕಲಿಸಿಕೊಟ್ಟ ಹಾಗೆ ಒಂದೊಂದೇ ಒತ್ತಿದಳು. ಪುಷ್ಪಲತಾ. ಒಂದು. ಪಿನ್ನು ಹೊಡೆಯುವಾಗ ಫಕ್ರುನ್ನೀಸಾ ಮುಖ ಆಚೆ ತಿರುಗಿಸಿದಳು.

"ಏನ್ ಮಾಡಿದ್ಯೇ?"

"ಅವಳ ರೂಪಾಯಿ ಅವಳಿಗೆ ಕಳಿಸ್ದೆ. ಈಗ ಅವಳ ಫೋನಿನಾಗೆ ಏನಂತ ಬರ್ತೈತೆ?"

ಫಕ್ರುನ್ನೀಸಾಗೆ ಒಂದು ಗಳಿಗೆ ಬೇಕಾಯಿತು. "ಯಾ ಅಲ್ಲಾ! ದ್ಯಾಮವ್ವ ಹರಿಜನ ಅವರಿಂದ ಒಂದು ರೂಪಾಯಿ ಬಂದಿದೆ ಅಂತ ಬರ್ತೈತೆ."

"ಅವಳ ಮನಿ ಹೊಸ್ತಿಲ ದಾಟಿ, ಕಿಸೆದಾಗ ಹೋಗಿ ಕುಂತೈತೆ. ತೊಳಿಸ್ಲಿ ಈಗ ಫೋನು."

ಫಕ್ರುನ್ನೀಸಾ ಜೋರಾಗಿ ನಕ್ಕಳು. ದ್ಯಾಮವ್ವ ನಗಲಿಲ್ಲ. ಮಾರಾಟವಾಗದ ರೊಟ್ಟಿಗಳನ್ನು ಒಂದೊಂದಾಗಿ ಬಿಳಿ ಬಟ್ಟೆಯ ಮೇಲೆ ಹರಡತೊಡಗಿದಳು. ಒಣಗಿ ಖಡಕ್ಕಾದರೆ ತಿಂಗಳಾದರೂ ಇರುತ್ತವೆ. ಗೋದಾಮಿನ ಬಾಗಿಲು ಎಳೆದ ಸದ್ದು ಕೇಳಿಸಿತು. ಇವತ್ತು ಕಲ್ಲೇಶಪ್ಪನವರು ಇನ್ನೊಂದು ಬಾಗಿಲಿನಿಂದ ಹೋದರು.

"ಮಳಿಗಿ ಬಿಡ್ತಿಯೇನು?" ಫಕ್ರುನ್ನೀಸಾ ಕೇಳಿದಳು.

"ಹೊಡೆದು ಓಡಿಸೋತನ ಬಿಡಲ್ಲ. ಒಂದನೇ ತಾರೀಖಿಗೆ ಬಾಡಿಗಿ ಐತಲ್ಲ. ಸಾವ್ಕಾರ್ರ ಮಂಡಿಯಾಗೂ ಡಬ್ಬಿ ಐತೆ, ಫೋನಿಗೇ ಹಾಕ್ತೀನಿ. ತಿಂಗಳ ತಿಂಗಳ ನನ್ನ ಹೆಸ್ರು ಅವರ ಕೈಯಾಗ ಬೀಳ್ಲಿ."

ಕೊನೆಯ ರೊಟ್ಟಿಯನ್ನು ಹರವಿ, ಬಟ್ಟೆಯ ಅಂಚನ್ನು ಬೆಳಿಗ್ಗೆ ಆರಿಹೋದ ಆ ಹತ್ತು ರೊಟ್ಟಿಯ ಪೊಟ್ಟಣದಿಂದ ಒತ್ತಿ ಇಟ್ಟಳು.

"ಆಗ ಹೆಂಗೆ ನೆಟ್ವರ್ಕ್ ಸಿಗಲ್ಲ, ನೋಡೇಬಿಡ್ತೀನಿ."